ಲಿಸ್ಟ್‌ನ ಪಿಯಾನೊ ಸ್ವರಲಿಪಿಗಳು: ಒಬ್ಬ ಅನುವಾದಕನ ಜೀವನ

ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ಫ್ರಾಂಜ್ ಲಿಸ್ಟ್‌ನ (1811–1886) ಹೆಸರು ಸಾಮಾನ್ಯವಾಗಿ ಎರಡು ಕಾರಣಗಳಿಗಾಗಿ ಉಲ್ಲೇಖಗೊಳ್ಳುತ್ತದೆ. ಯುರೋಪಿನ ಸಭಿಕರನ್ನು ಮರುಳುಗೊಳಿಸಿದ ಪಿಯಾನೊ ವಾದಕ ಅವನು. ಸಿಂಫನಿಕ್ ಪೊಯೆಮ್ ಎಂಬ ಪ್ರಕಾರಕ್ಕೆ ರೂಪು ಕೊಟ್ಟ ರಚನಕಾರನೂ ಹೌದು. ಇವೆರಡರ ಜೊತೆಗೆ ಅವನು ಮೂರು ದಶಕಗಳಿಗೂ ಮಿಕ್ಕಿ ಮಾಡಿದ ಇನ್ನೊಂದು ಕೆಲಸವಿದೆ. ಅನ್ಯರು ವಾದ್ಯವೃಂದಕ್ಕಾಗಿ ರಚಿಸಿದ ಕೃತಿಗಳನ್ನು ಒಂದೇ ಪಿಯಾನೊಗೆ, ಎರಡೇ ಕೈಗಳಿಗೆ ಅವನು ಇಳಿಸಿದನು. ವಿಮರ್ಶಕರು ಇದನ್ನು ಬಹುಕಾಲ ಗೌಣವೆಂದೇ ಎಣಿಸಿದರು. ಅನುವಾದವನ್ನು ಮೂಲಕ್ಕಿಂತ ಒಂದು ಮೆಟ್ಟಿಲು ಕೆಳಗಿಡುವ ರೂಢಿ ಸಾಹಿತ್ಯದಲ್ಲಿರುವಂತೆ ಸಂಗೀತದಲ್ಲೂ ಇದೆ. ಆ ಎಣಿಕೆ ಎಷ್ಟು ಸರಿ ಎಂಬುದನ್ನು ಲಿಸ್ಟ್‌ನ ಬದುಕಿನ ಜಾಡಿನಲ್ಲೇ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1811ರ ಅಕ್ಟೋಬರ್ 22ರಂದು ಲಿಸ್ಟ್ ಹುಟ್ಟಿದ ರೈಡಿಂಗ್ ಗ್ರಾಮ ಆಗ ಹಂಗೆರಿ ರಾಜ್ಯದಲ್ಲಿತ್ತು. ಇಂದು ಅದು ಆಸ್ಟ್ರಿಯಕ್ಕೆ ಸೇರಿದೆ. ತಂದೆ ಆಡಂ, ಎಸ್ಟರ್‌ಹಾಜಿ ಮನೆತನದ ಜಹಗೀರಿನಲ್ಲಿ ಕುರಿಸಾಕಣೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದನು. ಅದಕ್ಕೂ ಮೊದಲು ಅದೇ ಮನೆತನದ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸಿದ್ದವನು. ಆದರೆ ರೈಡಿಂಗಿನಂಥ ಹಳ್ಳಿಯಲ್ಲಿ ವಾದ್ಯವೃಂದವಾದರೂ ಎಲ್ಲಿ? ಮನೆಯಲ್ಲಿದ್ದ ಪಿಯಾನೊವೇ ಬಾಲಕನಿಗೆ ಸಂಗೀತಲೋಕದ ಬಾಗಿಲಾಯಿತು. ಮುಂದೆ ವಿಯೆನ್ನಾದಲ್ಲಿ ಅವನಿಗೆ ಪಾಠ ಹೇಳಿದ ಕಾರ್ಲ್ ಚೆರ್ನಿ ಸ್ವತಃ ಬೀಥೋವನ್ನನ ಶಿಷ್ಯ. 1823ರಲ್ಲಿ ಕುಟುಂಬ ಪ್ಯಾರಿಸ್ಸಿಗೆ ಬಂದಾಗ, ಪರದೇಶದವನೆಂಬ ಕಾರಣಕ್ಕೆ ಅಲ್ಲಿಯ ಕನ್ಸರ್ವೇಟರಿ ಅವನನ್ನು ಸೇರಿಸಿಕೊಳ್ಳಲಿಲ್ಲ. 1827ರಲ್ಲಿ ತಂದೆ ತೀರಿಕೊಂಡನು. ಹದಿನಾರು ತುಂಬದ ಹುಡುಗ ಪಾಠ ಹೇಳಿ ತಾಯಿಯನ್ನು ಸಲಹಬೇಕಾಯಿತು.

1830ರ ಡಿಸೆಂಬರ್ 4ರಂದು ಅವನು ಹೆಕ್ಟರ್ ಬರ್ಲಿಯೋಜ್‌ನನ್ನು ಭೇಟಿಯಾದನು. ಮರುದಿನವೇ ಬರ್ಲಿಯೋಜ್‌ನ 'ಸಿಂಫನಿ ಫ್ಯಾಂಟಾಸ್ಟಿಕ್' ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ಪ್ರಯೋಗಗೊಂಡಿತು; ಲಿಸ್ಟ್ ಆ ಸಭೆಯಲ್ಲಿದ್ದನು. ನಾಲ್ಕು ಬಾಸೂನ್, ಹಾರ್ಪ್, ಗಂಟೆಗಳನ್ನೊಳಗೊಂಡ ದೊಡ್ಡ ಮೇಳವನ್ನು ಬೇಡುವ ಕೃತಿಯದು. ಅಷ್ಟು ವಾದಕರನ್ನು ಒಂದೆಡೆ ಸೇರಿಸುವುದು ದುಬಾರಿ ಸಾಹಸ. ಧ್ವನಿಮುದ್ರಣವಿಲ್ಲದ ಆ ಕಾಲದಲ್ಲಿ ಅಂಥ ಕೃತಿ ಪ್ಯಾರಿಸ್ಸಿನ ಹೊರಗೆ ಯಾರ ಕಿವಿಗೂ ತಲುಪದೆ ಉಳಿಯುವ ಸಂಭವವೇ ಹೆಚ್ಚಾಗಿತ್ತು. 1833ರಲ್ಲಿ ಲಿಸ್ಟ್ ಇಡೀ ಸಿಂಫನಿಯನ್ನು ಪಿಯಾನೊಗೆ ಇಳಿಸಿ, ಮರುವರ್ಷ ಸ್ವಂತ ಖರ್ಚಿನಲ್ಲಿ ಪ್ರಕಟಿಸಿದನು. ತನ್ನ ಕೃತಿಯನ್ನು ಅವನು ಕರೆದದ್ದು 'ಪಿಯಾನೊ ಸ್ವರಲಿಪಿ' ಎಂದು. ವಾದ್ಯವೃಂದದ ಪೂರ್ಣ ಸ್ವರಲಿಪಿಗೆ ಸಲ್ಲುವ ಹೆಸರನ್ನೇ ಪಿಯಾನೊ ರೂಪಕ್ಕೂ ಕೊಟ್ಟದ್ದು ಗಮನಾರ್ಹ.

ಇದರ ಪರಿಣಾಮ ಕುತೂಹಲಕರವಾದುದು. ಜರ್ಮನಿಯ ರಾಬರ್ಟ್ ಶೂಮನ್ 1835ರಲ್ಲಿ ತನ್ನ ಪತ್ರಿಕೆಯಲ್ಲಿ ಬರ್ಲಿಯೋಜ್‌ನ ಸಿಂಫನಿಯನ್ನು ಕುರಿತು ದೀರ್ಘ ವಿಮರ್ಶೆ ಬರೆದನು. ಆ ಕೃತಿಯ ಬಗ್ಗೆ ಬಂದ ಗಂಭೀರ ಬರಹಗಳಲ್ಲಿ ಅದಕ್ಕೆ ಇಂದಿಗೂ ಮೊದಲ ಸಾಲಿನ ಸ್ಥಾನವಿದೆ. ಆದರೆ ಶೂಮನ್ ಮೂಲವನ್ನು ಕೇಳಿರಲಿಲ್ಲ. ಮೂಲದ ಸ್ವರಲಿಪಿಯನ್ನು ಅವನು ನೋಡುವಂತೆಯೂ ಇರಲಿಲ್ಲ. ಅದು ಅಚ್ಚಾದದ್ದು 1845ರಲ್ಲಿ. ಅವನ ಮೇಜಿನ ಮೇಲಿದ್ದುದು ಲಿಸ್ಟ್‌ನ ಪಿಯಾನೊ ಪ್ರತಿ ಮಾತ್ರ. ಟಾಲ್‌ಸ್ಟಾಯ್, ಚೆಕಾಫ್‌ರನ್ನು ಇಂಗ್ಲಿಷಿನ ಮೂಲಕ ಓದಿ ಬರೆದ ನಮ್ಮ ವಿಮರ್ಶಕರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅವರಲ್ಲಿ ಅನೇಕರು ಮಧ್ಯೆ ನಿಂತ ಅನುವಾದಕನ ಹೆಸರೆತ್ತುವುದಿಲ್ಲ. ಶೂಮನ್ ಎತ್ತಿದನು. ಲಿಸ್ಟ್‌ನ ಕೆಲಸವನ್ನು ಸ್ವತಂತ್ರ ಕೃತಿಯೆಂದೇ ಪರಿಗಣಿಸಬೇಕೆಂಬುದು ಅವನ ನಿಲುವಾಗಿತ್ತು. 1836ರಲ್ಲಿ ಪ್ಯಾರಿಸ್ಸಿನ ಕಚೇರಿಯೊಂದರಲ್ಲಿ ವಾದ್ಯವೃಂದ ಈ ಸಿಂಫನಿಯ ವಧಸ್ಥಾನದ ನಡೆಯನ್ನು ನುಡಿಸಿದ ಬೆನ್ನಿಗೇ ಲಿಸ್ಟ್ ಅದನ್ನು ಪಿಯಾನೊದಲ್ಲಿ ನುಡಿಸಿ, ಮೇಳವನ್ನೇ ಮೀರಿಸಿದನೆಂದು ಕೇಳುಗರಲ್ಲೊಬ್ಬನಾಗಿದ್ದ ಚಾರ್ಲ್ಸ್ ಹ್ಯಾಲೆ ದಾಖಲಿಸಿದ್ದಾನೆ.

ಮೀರಿಸುವ ಈ ಶಕ್ತಿಯೇ ಅನುವಾದಕನಿಗೆ ಅಪಾಯಕಾರಿ. ಒಪೆರಾಗಳ ರಾಗಗಳನ್ನೆತ್ತಿಕೊಂಡು ಹೆಣೆದ ಕೃತಿಗಳಲ್ಲಿ, ಉದಾಹರಣೆಗೆ ಮೊಜಾರ್ಟ್‌ನ 'ಡಾನ್ ಜೊವಾನಿ'ಯನ್ನಾಧರಿಸಿ 1841ರಲ್ಲಿ ರಚಿಸಿದ ಕೃತಿಯಲ್ಲಿ, ಲಿಸ್ಟ್ ಮೂಲವನ್ನು ಒಡೆದು ತನ್ನಿಚ್ಛೆಯಂತೆ ಮತ್ತೆ ಕಟ್ಟುತ್ತಾನೆ. ಬೀಥೋವನ್ನನ ಸಿಂಫನಿಗಳ ಮುಂದೆ ಅದೇ ಕೈಗಳು ಸಂಯಮ ಕಲಿತವು. 'ಅಶ್ವತ್ಥಾಮನ್' ಮತ್ತು 'ಪಾರಸಿಕರು' ಎರಡನ್ನೂ ಬರೆದ ಬಿ.ಎಂ.ಶ್ರೀ. ಅವರನ್ನು ಬಲ್ಲ ನಮಗೆ, ಒಬ್ಬನೇ ಲೇಖಕ ರೂಪಾಂತರ ಮತ್ತು ಅನುವಾದಗಳಿಗೆ ಬೇರೆ ಬೇರೆ ನಿಯಮ ಹಾಕಿಕೊಳ್ಳುವುದು ಹೊಸ ವಿಷಯವೇನಲ್ಲ.

1837ರಲ್ಲಿ ಲಿಸ್ಟ್ ಬೀಥೋವನ್ನನ ಐದು, ಆರು, ಏಳನೆಯ ಸಿಂಫನಿಗಳನ್ನು ಕೈಗೆತ್ತಿಕೊಂಡನು. ಐದು ಮತ್ತು ಆರನೆಯವು 1840ರಲ್ಲಿ ಅಚ್ಚಾದವು. ಅವುಗಳ ಮುನ್ನುಡಿಯಲ್ಲಿ ತನ್ನನ್ನು ನಿಷ್ಠ ಅನುವಾದಕನಿಗೂ, ವರ್ಣಚಿತ್ರವನ್ನು ತಾಮ್ರದ ಫಲಕಕ್ಕೆ ಇಳಿಸುವ ಕೆತ್ತನೆಗಾರನಿಗೂ ಹೋಲಿಸಿಕೊಂಡಿದ್ದಾನೆ. ಕೆತ್ತನೆಯಲ್ಲಿ ಬಣ್ಣ ಹೋಗುತ್ತದೆ, ರೇಖೆ ಉಳಿಯುತ್ತದೆ. ಪಿಯಾನೊದ ಕೊರತೆಯೂ ಅಂಥದೇ. ಪಿಟೀಲಿನ ಸ್ವರ ಕಮಾನು ಎಳೆದಷ್ಟು ಕಾಲ ನಿಲ್ಲುತ್ತದೆ, ಬೆಳೆಯುತ್ತದೆ. ಪಿಯಾನೊ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸುತ್ತದೆ. ಈ ಕೊರತೆಯನ್ನು ಲಿಸ್ಟ್ ಹಲವು ಬಗೆಯಲ್ಲಿ ತುಂಬಿದನು. ಮಂದ್ರದ ಸ್ವರಗಳನ್ನು ಕಂಪನದಂತೆ ಕ್ಷಿಪ್ರವಾಗಿ ಮರುಕಳಿಸಿ ನಗಾರಿಯ ಮೊರೆತವನ್ನು ತಂದನು. ಪೆಡಲಿನಿಂದ ಆಧಾರಸ್ವರವನ್ನು ಹಿಡಿದಿಟ್ಟು, ಕೈಗಳನ್ನು ಮೇಲಿನ ಸಪ್ತಕಗಳಿಗೆ ಬಿಡುಗಡೆ ಮಾಡಿದನು. ಯಾವ ಎಳೆ ಯಾವ ವಾದ್ಯದ್ದೆಂಬುದನ್ನು ಸ್ವರಲಿಪಿಯಲ್ಲೇ ನಮೂದಿಸಿದನು. ಓಬೊ ಎಂದು ಬರೆದಲ್ಲಿ ಬೆರಳು ಓಬೊವನ್ನು ನೆನೆದು ಒತ್ತಬೇಕು. ಮೂಲದ ನೆರಳನ್ನು ಅಳಿಸದಿರುವ ಅನುವಾದಕನ ವಿಧಾನವಿದು.

1847ರಲ್ಲಿ, ಕೀರ್ತಿಯ ತುತ್ತತುದಿಯಲ್ಲಿ, ಲಿಸ್ಟ್ ವೃತ್ತಿಪರ ಕಚೇರಿಗಳನ್ನು ನಿಲ್ಲಿಸಿದನು. ವೈಮರ್ ನಗರದಲ್ಲಿ ಆಸ್ಥಾನದ ವಾದ್ಯವೃಂದವನ್ನು ನಡೆಸುತ್ತ ಅದರ ಒಳಗುಟ್ಟುಗಳನ್ನು ಅರಿತನು. ಗಡೀಪಾರಾಗಿದ್ದ ವ್ಯಾಗ್ನರ್‌ನ 'ಲೋಹೆನ್‌ಗ್ರಿನ್' 1850ರಲ್ಲಿ ಅಲ್ಲಿಯೇ, ಅವನ ನಿರ್ದೇಶನದಲ್ಲಿ ಮೊದಲು ಪ್ರಯೋಗಗೊಂಡಿತು. 1859ರಲ್ಲಿ ಮಗ ಡೇನಿಯಲ್, 1862ರಲ್ಲಿ ಮಗಳು ಬ್ಲಾಂಡೀನ್ ತೀರಿಕೊಂಡರು. 1863ರಲ್ಲಿ ಅವನು ರೋಮಿನ ಹೊರವಲಯದ ಮಠವೊಂದರಲ್ಲಿ ನೆಲೆಸಿದನು. ಬ್ರೈಟ್‌ಕಾಫ್ ಮತ್ತು ಹಾರ್ಟೆಲ್ ಪ್ರಕಾಶನ ಬೀಥೋವನ್ನನ ಒಂಬತ್ತೂ ಸಿಂಫನಿಗಳನ್ನು ಪೂರೈಸಲು ಕೇಳಿದ್ದು ಆ ವರ್ಷವೇ. ಹಳೆಯ ರೂಪಗಳನ್ನು ಅವನು ತಿದ್ದಿ ಹಲವೆಡೆ ಸರಳಗೊಳಿಸಿದನು. ಯೌವನದಲ್ಲಿ ಎಲ್ಲ ಸ್ವರಗಳನ್ನೂ ಹಿಡಿಯಬೇಕೆಂಬ ಹಟವಿದ್ದವನು ಈಗ ಬಿಡುವುದನ್ನೂ ಕಲಿತಿದ್ದನು.

ಒಂಬತ್ತನೆಯ ಸಿಂಫನಿಯ ಕೊನೆಯ ಭಾಗದಲ್ಲಿ ಅವನು ಸೋತನು. ಅಲ್ಲಿ ವಾದ್ಯವೃಂದದ ಜೊತೆಗೆ ಏಕಗಾಯಕರೂ ಸಮೂಹಗಾನವೂ ಇವೆ. 1851ರಲ್ಲಿ ಎರಡು ಪಿಯಾನೊಗಳಿಗೆ ಇದನ್ನು ಇಳಿಸಿದ್ದವನಿಗೆ ಎರಡು ಕೈಗಳಲ್ಲಿ ಅದು ಅಸಾಧ್ಯವೆನಿಸಿತು. ಹಾಗೆಂದು ಪ್ರಕಾಶಕರಿಗೆ ಬರೆದನು. ಅವರು ಒತ್ತಾಯಿಸಿದರು. ಮತ್ತೆ ಕುಳಿತು ಮುಗಿಸಿದಾಗ ಅವನು ಕಂಡುಕೊಂಡ ದಾರಿ, ಗಾಯನದ ಸಾಲುಗಳನ್ನು ಪಿಯಾನೊ ಭಾಗದ ಮೇಲೆ ಪ್ರತ್ಯೇಕವಾಗಿ ಅಚ್ಚುಮಾಡಿಸುವುದು. ವಾದಕ ಅವನ್ನು ಓದುತ್ತಾನೆ. ಅವೆಲ್ಲವೂ ಅವನ ಬೆರಳುಗಳಿಗೆ ಬರುವುದಿಲ್ಲ. ಅನುವಾದಕ್ಕೆ ನಿಲುಕದ್ದನ್ನು ಪುಟದ ಮೇಲೆಯೇ ಕಾಣುವಂತೆ ಉಳಿಸಿದ ಇಂಥ ಪ್ರಾಮಾಣಿಕತೆ ಸಾಹಿತ್ಯಾನುವಾದದಲ್ಲೂ ಅಪರೂಪವೆಂದು ನನ್ನ ಭಾವನೆ.

1865ರಲ್ಲಿ ಪ್ರಕಟವಾದ ಈ ಸಂಪುಟವನ್ನು ಶಿಷ್ಯನೂ ಅಳಿಯನೂ ಆಗಿದ್ದ ಹಾನ್ಸ್ ಫಾನ್ ಬ್ಯೂಲೊಗೆ ಅರ್ಪಿಸಲಾಯಿತು. ಮಗಳು ಕೊಸಿಮಾ ಬ್ಯೂಲೊವನ್ನು ತೊರೆದು 1870ರಲ್ಲಿ ವ್ಯಾಗ್ನರ್‌ನನ್ನು ಮದುವೆಯಾದಳು. ಅಳಿಯ-ಮಾವಂದಿರ ಸಂಬಂಧಗಳು ಬಹುಕಾಲ ಕಹಿಯಾದವು. ಇಷ್ಟಾದರೂ ಲಿಸ್ಟ್ ವ್ಯಾಗ್ನರ್‌ನ ಸಂಗೀತವನ್ನು ಪಿಯಾನೊಗೆ ತರುವುದನ್ನು ನಿಲ್ಲಿಸಲಿಲ್ಲ. 'ಟ್ರಿಸ್ಟಾನ್ ಮತ್ತು ಇಸೋಲ್ಡೆ'ಯ ಅಂತಿಮ ದೃಶ್ಯವನ್ನು 1867ರಲ್ಲಿ ಇಳಿಸಿದಾಗ ಅದಕ್ಕೆ 'ಇಸೋಲ್ಡೆಯ ಪ್ರೇಮಮರಣ' ಎಂದು ಹೆಸರಿಟ್ಟನು. ವ್ಯಾಗ್ನರ್ 'ಪ್ರೇಮಮರಣ'ವೆಂಬ ಮಾತನ್ನು ಬಳಸಿದ್ದು ಒಪೆರಾದ ಪೀಠಿಕಾ ಭಾಗಕ್ಕೆ. ಅಂತ್ಯವನ್ನು ಅವನು 'ದಿವ್ಯರೂಪಾಂತರ' ಎಂದು ಕರೆದಿದ್ದನು. ಲಿಸ್ಟ್ 1886ರ ಜುಲೈ 31ರಂದು, ವ್ಯಾಗ್ನರ್‌ನ ಉತ್ಸವ ನಡೆಯುತ್ತಿದ್ದ ಬೈರಾಯ್ಟ್ ನಗರದಲ್ಲೇ ಕಣ್ಮುಚ್ಚಿದನು. ಆ ದೃಶ್ಯವನ್ನು ಪೂರ್ಣ ವಾದ್ಯವೃಂದ ನುಡಿಸುವಾಗಲೂ ಇಂದಿನ ಕಚೇರಿಗಳ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗುವುದು ಲಿಸ್ಟ್ ಕೊಟ್ಟ ಹೆಸರೇ.