ಪ್ಲೇಗಿನ ವೈರಿ ಹಾಫ್ಕಿನ್

ಆಂಡಿಪಟ್ಟಿಯಿಂದ ತೇನಿಗೆ ಹೋಗುವ ರಸ್ತೆಯಲ್ಲಿ, ಕೆ. ವಿಲಕ್ಕು ಎಂಬಲ್ಲಿ, ತೇನಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಅಪಘಾತದಲ್ಲಿ ಗಾಯಗೊಂಡವರನ್ನೂ ಹಾವು ಕಡಿದವರನ್ನೂ ಇಂಥ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊತ್ತು ತರುತ್ತಾರೆ. ಅಲ್ಲಿ ಸದಾ ಅವಸರ. ಆ ಅವಸರದಲ್ಲಿ ಚಿಮಟವೊಂದು ಕೈಜಾರಿ ನೆಲಕ್ಕೆ ಬಿದ್ದರೆ ಅದನ್ನು ಒರೆಸಿ ಮತ್ತೆ ಬಳಸಬಹುದೇ? ಈ ಸಣ್ಣ ಪ್ರಶ್ನೆಯೇ ಒಬ್ಬ ಮಹಾ ವಿಜ್ಞಾನಿಯ ಬಾಳನ್ನು ಅಲುಗಾಡಿಸಿತು. ಅವರೇ ವಾಲ್ಡೆಮಾರ್ ಹಾಫ್ಕಿನ್.

ಹಾಫ್ಕಿನ್ನರು 1860ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ ಯೆಹೂದಿ ಮನೆತನದಲ್ಲಿ ಜನಿಸಿದರು. ಪ್ರಸಿದ್ಧ ವಿಜ್ಞಾನಿ ಮೆಚ್ನಿಕೋವರ ಬಳಿ ಜೀವಶಾಸ್ತ್ರ ಕಲಿತರು. ಯೆಹೂದಿಗಳಿಗೆ ಅಲ್ಲಿ ಉನ್ನತ ಹುದ್ದೆ ದೊರೆಯುವುದು ದುಸ್ತರವಾಗಿತ್ತು. ಆದ್ದರಿಂದ ದೇಶ ಬಿಟ್ಟು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಮೊದಲು ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಅವರು ಬೇಸರಿಸಲಿಲ್ಲ. ಬಿಡುವಿನ ವೇಳೆಯಲ್ಲಿ ಪ್ರಯೋಗ ನಡೆಸಿ ಕಾಲರಾ ರೋಗಕ್ಕೆ ಲಸಿಕೆ ಸಿದ್ಧಪಡಿಸಿದರು. 1892ರಲ್ಲಿ ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಊರೂರು ಸುತ್ತಿ ಲಸಿಕೆ ಹಾಕಿದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಸರ್ಕಾರ ಹಾಫ್ಕಿನ್ನರನ್ನು ಕರೆಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಹಗಲಿರುಳು ದುಡಿದು ಮೂರೇ ತಿಂಗಳಲ್ಲಿ ಅವರು ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಇದನ್ನೂ ಮೊದಲು ತಾವೇ ಹಾಕಿಸಿಕೊಂಡರು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಹಾವಳಿಯೆಬ್ಬಿಸಿದಾಗ ಸಾವಿರಾರು ಜನ ಈ ಲಸಿಕೆ ಪಡೆದರು.

ಆದರೆ 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ದುರಂತ ನಡೆಯಿತು. ಅಂದು ಲಸಿಕೆ ಪಡೆದವರು 107 ಮಂದಿ. ಅವರಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿಯೂ ಧನುರ್ವಾಯುವಿನಿಂದ ಸತ್ತರು. ವಿಚಾರಣಾ ಮಂಡಳಿಯು ಮುಂಬಯಿಯ ಪ್ರಯೋಗಾಲಯದಲ್ಲೇ ಲಸಿಕೆ ಕೆಟ್ಟಿರಬೇಕೆಂದು ಬಗೆಯಿತು. ಹಾಫ್ಕಿನ್ನರು ಹುದ್ದೆಯನ್ನು ಕಳೆದುಕೊಂಡು ಕಳಂಕ ಹೊತ್ತು ಇಂಗ್ಲೆಂಡಿಗೆ ಹೋದರು.

ನಿಜಾಂಶ ವಿಚಾರಣೆಯ ಕಾಗದಗಳಲ್ಲೇ ಅಡಗಿತ್ತು. ಹಳ್ಳಿಯಲ್ಲಿ ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ, ಔಷಧಿ ನೀರಿನಲ್ಲಿ ಅದ್ದಿ, ಅದರಿಂದಲೇ ಬಿರಡೆ ತೆಗೆದಿದ್ದರು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿರುತ್ತದೆ. ಅದು ಮುಂಬಯಿಯಲ್ಲೇ ಸೀಸೆ ಸೇರಿದ್ದರೆ ದಿನ ಕಳೆದಂತೆ ಲಸಿಕೆ ದುರ್ನಾತ ಬೀರಬೇಕಿತ್ತು. ತೆರೆದಾಗ ಅಂಥ ವಾಸನೆಯಿರಲಿಲ್ಲ. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು 1907ರಲ್ಲಿ ಇದನ್ನೆಲ್ಲ ಎತ್ತಿ ತೋರಿಸಿ ಹಾಫ್ಕಿನ್ನರ ಪರವಾಗಿ ನಿಂತರು. ಕಳಂಕ ತೊಳೆಯಿತು. ಅವರು ಕಲ್ಕತ್ತೆಗೆ ಹಿಂದಿರುಗಿ ಕೆಲವು ವರ್ಷ ದುಡಿದು ನಿವೃತ್ತರಾದರು. 1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ನಿನಲ್ಲಿ ಅವರು ಕಣ್ಮುಚ್ಚಿದರು.

ವಿದ್ಯಾರ್ಥಿಗಳೇ, ಚಿಮಟ ಯಾರ ಕೈಯಿಂದಲಾದರೂ ಬೀಳಬಹುದು. ಬಿದ್ದದ್ದು ದೊಡ್ಡ ತಪ್ಪಲ್ಲ. ಶುದ್ಧಗೊಳಿಸದೆ ಮುಂದುವರಿದದ್ದು ತಪ್ಪು. ಕೆಲವು ನಿಮಿಷ ತಡೆದಿದ್ದರೆ 19 ಜೀವಗಳು ಉಳಿಯುತ್ತಿದ್ದವು. ತಪ್ಪು ಎಲ್ಲಿ, ಹೇಗೆ ನಡೆಯಿತೆಂದು ತಾಳ್ಮೆಯಿಂದ ನೋಡದೆ ಒಬ್ಬರ ತಲೆಗೆ ಕಟ್ಟಿದ್ದು ಮತ್ತೊಂದು ತಪ್ಪು. ಈ ಎರಡು ಪಾಠಗಳೂ ಇಂದು ಆಸ್ಪತ್ರೆಗಳಿಗೆ ಬಹು ಮುಖ್ಯ. ಔಷಧಿ ಕೊಡುವ ಮುನ್ನ ರೋಗಿಯ ಹೆಸರನ್ನು ಮತ್ತೊಮ್ಮೆ ಕೇಳಬೇಕು. ನೆಲಕ್ಕೆ ಬಿದ್ದ ಉಪಕರಣವನ್ನು ಬದಿಗಿಡಬೇಕು. ಪಕ್ಕದವರ ತಪ್ಪು ಕಂಡರೆ, ಅವರು ಹಿರಿಯ ವೈದ್ಯರೇ ಆಗಿರಲಿ, ಕಿರಿಯ ದಾದಿಯೂ ವಿನಯದಿಂದ ತಡೆಯಬೇಕು. ಆದ ತಪ್ಪನ್ನು ಮುಚ್ಚಿಡದೆ ಹೇಳಬೇಕು. ಹೇಳಿದವರನ್ನು ಬೈದು ಅಟ್ಟಿದರೆ ನಾಳೆ ಯಾರೂ ಬಾಯಿ ಬಿಡುವುದಿಲ್ಲ.

ಪೋಷಕರೇ, ಮನೆಯಲ್ಲಿಯೂ ಹೀಗೆಯೇ ಅಲ್ಲವೇ? ಮಗು ತಾನಾಗಿ ಬಂದು ತಪ್ಪು ಒಪ್ಪಿಕೊಂಡಾಗ ಗದರುವ ಮೊದಲು ಏನಾಯಿತೆಂದು ಕೇಳೋಣ. ನಿಜ ಹೇಳಲು ಅಂಜದ ಮಗುವೇ ನಾಳೆ ನಂಬಿಕೆಗೆ ಅರ್ಹನಾದ ವೈದ್ಯನೋ ದಾದಿಯೋ ಆಗಬಲ್ಲದು.