ಗಝ್ನಿಯ ವೃದ್ಧ ವಿದ್ಯಾರ್ಥಿ

ಮನೆಯ ಹಿರಿಯರಿಗೆ ಎಂಬತ್ತು ದಾಟಿತೆಂದರೆ ಇನ್ನು ಅವರನ್ನು ಯಾವುದಕ್ಕೂ ಕೇಳಬೇಕಾಗಿಲ್ಲವೆಂದು ನಾವು ತೀರ್ಮಾನಿಸಿ ಬಿಡುತ್ತೇವೆ. ಹೊತ್ತಿಗೆ ಸರಿಯಾಗಿ ಗಂಜಿ, ಮದ್ದು, ವುಝೂಗೆ ಬಿಸಿನೀರು ಸಿಕ್ಕಿದರೆ ಮಕ್ಕಳ ಹೊಣೆ ಮುಗಿಯಿತು. ಕೈಗೊಂದು ತಸ್ಬೀಹ್ ಕೊಟ್ಟು ಒಳಕೋಣೆಯಲ್ಲಿ ಕುಳ್ಳಿರಿಸುತ್ತೇವೆ. ಝಿಕ್ರ್ ಮಹಾ ಪುಣ್ಯದ ಕೆಲಸ, ಸಂಶಯವಿಲ್ಲ. ಆದರೆ ನಾವು ಆ ತಸ್ಬೀಹ್ ಕೊಟ್ಟದ್ದು ಅವರ ಮೇಲಿನ ಗೌರವದಿಂದಲೋ, ಅವರ ಮಾತಿನಿಂದ ತಪ್ಪಿಸಿಕೊಳ್ಳಲಿಕ್ಕೋ ಎಂಬುದನ್ನು ಪ್ರತಿಯೊಬ್ಬನೂ ತನ್ನ ಮನಸ್ಸನ್ನೇ ಕೇಳಿಕೊಳ್ಳಬೇಕು. ಅಬೂ ರೈಹಾನ್ ಅಲ್ ಬಿರೂನಿಯವರ ಕೊನೆಯ ವರ್ಷಗಳ ಕುರಿತು ಓದುವಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ.

ಅವರು ಹುಟ್ಟಿದ್ದು ಹಿಜರಿ 362ರಲ್ಲಿ, ಅಂದರೆ ಕ್ರಿ.ಶ. 973ರಲ್ಲಿ, ಮಧ್ಯ ಏಷ್ಯಾದ ಖ್ವಾರಿಝ್ಮ್ ಪ್ರಾಂತ್ಯದ ಕಾಸ್ ಎಂಬ ಪಟ್ಟಣದ ಬಳಿ. ರಾಜಮನೆತನಕ್ಕೆ ಸೇರಿದ ಗಣಿತಜ್ಞ ಅಬೂ ನಸ್ರ್ ಮನ್ಸೂರ್ ಅವರ ಗುರುಗಳು. 995ರಲ್ಲಿ ಅಲ್ಲಿ ಅಧಿಕಾರಕ್ಕಾಗಿ ಕದನ ನಡೆದಾಗ ಯುವಕ ಬಿರೂನಿ ಊರು ಬಿಟ್ಟು ಓಡಬೇಕಾಯಿತು. ರಯ್, ಜುರ್ಜಾನ್ ಎಂದು ಅಲೆದು ಮತ್ತೆ ತಾಯ್ನಾಡಿಗೆ ಮರಳಿದರು. ಆದರೆ 1017ರಲ್ಲಿ ಗಝ್ನಿಯ ಸುಲ್ತಾನ್ ಮಹ್ಮೂದ್ ಖ್ವಾರಿಝ್ಮನ್ನು ಗೆದ್ದು ಅಲ್ಲಿನ ವಿದ್ವಾಂಸರನ್ನು ತನ್ನ ರಾಜಧಾನಿಗೆ ಸಾಗಿಸಿದನು. ಗುರು ಶಿಷ್ಯರಿಬ್ಬರೂ ಅವರಲ್ಲಿದ್ದರು. ಆಗ ಬಿರೂನಿಯವರಿಗೆ ನಲ್ವತ್ತಮೂರು ದಾಟಿತ್ತು. ಉಳಿದ ಆಯುಷ್ಯದಲ್ಲಿ ಗಝ್ನಿಯೇ ಅವರ ನೆಲೆಯಾಯಿತು.

ಆ ಊರು ಅವರು ತಾವಾಗಿ ಬಯಸಿದ್ದಲ್ಲ. ಮರುವರ್ಷ ಕಾಬೂಲಿನ ಬಳಿಯ ಒಂದು ಹಳ್ಳಿಯಲ್ಲಿದ್ದಾಗ ತಮ್ಮ ಕಷ್ಟದ ಸ್ಥಿತಿಯನ್ನು ಅವರು ನೂಹ್ ಮತ್ತು ಲೂತ್ ಪ್ರವಾದಿಗಳ(ಅ) ಪರೀಕ್ಷೆಗಳಿಗೆ ಹೋಲಿಸಿ ಬರೆದುಕೊಂಡಿದ್ದಾರೆ. ಸೂರ್ಯನ ಎತ್ತರವನ್ನು ಅಳೆಯಲು ಬೇಕಾದ ಸಲಕರಣೆ ಅಲ್ಲಿರಲಿಲ್ಲ. ಅವರೇನು ಮಾಡಿದರು ಗೊತ್ತೇ? ಲೆಕ್ಕ ಬರೆಯುವ ಹಲಗೆಯ ಹಿಂಬದಿಯಲ್ಲಿ ಒಂದು ಕಮಾನು ಎಳೆದು, ಅದರಲ್ಲಿ ಅಂಶಗಳನ್ನು ಗುರುತಿಸಿ, ತೂಗುಗುಂಡು ಇಳಿಬಿಟ್ಟು ಅಳತೆ ಮಾಡಿದರು. ಗಝ್ನಿಯಿಂದ ಕಿಬ್ಲಾ ಯಾವ ದಿಕ್ಕಿಗಿದೆಯೆಂದು ನಿಖರವಾಗಿ ಕಂಡುಹಿಡಿಯುವುದು ಆ ದಿನಗಳಲ್ಲಿ ಅವರು ಬರೆಯುತ್ತಿದ್ದ ಗ್ರಂಥದ ಒಂದು ಮುಖ್ಯ ಉದ್ದೇಶವಾಗಿತ್ತು. ತನ್ನನ್ನು ಬಲವಂತವಾಗಿ ತಂದಿಟ್ಟ ಊರಿನಲ್ಲಿ ಅವರು ಮೊದಲು ಹುಡುಕಿದ್ದು ಕಅಬಾದ ದಿಕ್ಕನ್ನು!

ಅದೇ ವಯಸ್ಸಿನಲ್ಲಿ ಅವರು ಸಂಸ್ಕೃತ ಕಲಿಯಲು ಕುಳಿತರು. ಪಂಡಿತರನ್ನು ಹುಡುಕಿ ಕೇಳಿ ತಿಳಿದು 1030ರಲ್ಲಿ ಭಾರತದ ಕುರಿತ ತಮ್ಮ ಮಹಾಗ್ರಂಥವನ್ನು ಪೂರ್ತಿಗೊಳಿಸಿದರು. ಈ ದೇಶದ ಲಿಪಿಗಳನ್ನು ಹೆಸರಿಸುವಲ್ಲಿ ಅವರು ಕರ್ನಾಟ ದೇಶದ ಕರ್ನಾಟ ಲಿಪಿಯನ್ನೂ, ಸೈನ್ಯಗಳಲ್ಲಿ ಕನ್ನರರೆಂದು ಕರೆಯಲ್ಪಡುವ ಅಲ್ಲಿನ ಯೋಧರನ್ನೂ ನೆನೆದಿದ್ದಾರೆ. ಗಝ್ನಿಯಲ್ಲಿ ಬರೆದ ಅರಬಿ ಗ್ರಂಥದಲ್ಲಿ ನಮ್ಮ ಲಿಪಿಯ ಹೆಸರು ಕಂಡಾಗ, ಅರಬಿಯನ್ನೂ ಕನ್ನಡವನ್ನೂ ಓದಿದ ನನ್ನಂಥವನಿಗೆ ಆಗುವ ಸಂತೋಷವನ್ನು ಓದುಗರು ಊಹಿಸಬಹುದು.

ಐವತ್ತರ ನಂತರ ಅವರ ದೇಹ ಕುಸಿಯಿತು. ಒಂದರ ಮೇಲೊಂದು ಮಾರಕ ಕಾಯಿಲೆಗಳು. ಆಗ ಅವರು ತಮ್ಮ ಆಯುಷ್ಯದ ಬಗ್ಗೆ ಜ್ಯೋತಿಷಿಗಳನ್ನೂ ಕೇಳಿದರಂತೆ. ಮಹಾಪುರುಷರೂ ಮನುಷ್ಯರೇ ತಾನೇ? ಆ ಜ್ಯೋತಿಷಿಗಳ ಲೆಕ್ಕಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅವರು ಆಗಲೇ ಬದುಕಿ ಮುಗಿಸಿದ್ದ ವರ್ಷಗಳಿಗಿಂತಲೂ ಕಡಿಮೆ ಆಯುಷ್ಯವನ್ನು ಕೆಲವರು ಹೇಳಿದ್ದರು! ಬಿರೂನಿ ಇದನ್ನು ಮುಚ್ಚಿಡದೆ ಬರೆದಿದ್ದಾರೆ.

ಚಾಂದ್ರಮಾನದಂತೆ ಅರವತ್ತೈದು ತುಂಬಿದಾಗ ಅವರು ತಮ್ಮ ಕೃತಿಗಳ ಪಟ್ಟಿಯನ್ನು ತಯಾರಿಸಿದರು. ಮುಗಿದವು, ಅರ್ಧಕ್ಕೆ ನಿಂತವು ಸೇರಿ ನೂರಕ್ಕೂ ಮಿಕ್ಕಿ. ಮಡದಿ ಮಕ್ಕಳ ಸುದ್ದಿ ಅವರ ಬರಹಗಳಲ್ಲಿ ಸಿಗುವುದಿಲ್ಲ. ಎಳೆಯ ಪ್ರಾಯದಲ್ಲಿ ಬರೆದವನ್ನೂ ತಾನು ಎಸೆದಿಲ್ಲ, ಅವೆಲ್ಲ ತನ್ನ ಮಕ್ಕಳೇ ಎಂಬ ಅರ್ಥದ ಮಾತು ಆ ಪಟ್ಟಿಯಲ್ಲಿದೆ. ಅದರಲ್ಲಿ ಗುರು ಅಬೂ ನಸ್ರ್ ತನಗಾಗಿ ಬರೆದುಕೊಟ್ಟ ಹನ್ನೆರಡು ಕೃತಿಗಳನ್ನೂ ಸೇರಿಸಿದ್ದಾರೆ. ಜೊತೆಗೆ ಬಂದ ಆ ಗುರುವೂ ಅವರಿಗಿಂತ ಮೊದಲೇ ಗತಿಸಿದರು. ಕರೆತಂದ ಸುಲ್ತಾನನೂ, ಅವನ ಮಗ ಮಸ್ಊದನೂ ಹೋದರು. ಮೊಮ್ಮಗ ಮೌದೂದನ ಕಾಲದಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ರತ್ನಗಳ ಮತ್ತು ಲೋಹಗಳ ಕುರಿತು ಗ್ರಂಥ ಬರೆದರು. ವರ್ಷದಲ್ಲಿ ಎರಡು ಹಬ್ಬದ ದಿನಗಳಲ್ಲಿ ಮಾತ್ರ ಮನೆಗೆ ಬೇಕಾದ ಸಾಮಾನು ಹೊಂದಿಸಲೆಂದು ಲೇಖನಿ ಕೆಳಗಿಡುತ್ತಿದ್ದರಂತೆ. ಹಾಗೆಂದು ಯಾಕೂತ್ ಎಂಬ ಗ್ರಂಥಕರ್ತರು ದಾಖಲಿಸಿದ್ದಾರೆ.

ಅವರ ಕೊನೆಯ ದೊಡ್ಡ ಕೆಲಸ ಔಷಧಗಳ ಕುರಿತ ಕಿತಾಬುಸ್ಸೈದನ. ಅದರಲ್ಲಿ ಅವರು ತಮಗೆ ಎಂಬತ್ತು ದಾಟಿದೆ, ಕಣ್ಣು ಕಿವಿಗಳು ಬಲ ಕಳೆದುಕೊಂಡಿವೆ ಎಂದು ಹೇಳಿಕೊಂಡಿದ್ದಾರೆ. ಹಿಜರಿ 440ರಲ್ಲಿ ಅವರು ತೀರಿಕೊಂಡರೆಂದು ಹಳೆಯ ಪುಸ್ತಕಗಳಲ್ಲಿದೆ. ಆದರೆ ಈ ಮಾತಿನಂತೆ ಅವರು 442ರವರೆಗಾದರೂ, ಅಂದರೆ ಕ್ರಿ.ಶ. 1050ರವರೆಗೆ, ಬದುಕಿದ್ದಿರಬೇಕು.

ಆ ಗ್ರಂಥದ ಕೆಲಸ ಎಂಥದ್ದೆಂದು ಸ್ವಲ್ಪ ಯೋಚಿಸಿ. ಒಂದೊಂದು ಬೇರು, ಎಲೆ, ಬೀಜಕ್ಕೆ ಅರಬಿಯಲ್ಲಿ ಏನೆನ್ನುತ್ತಾರೆ, ಗ್ರೀಕಿನಲ್ಲಿ, ಸುರಿಯಾನಿಯಲ್ಲಿ, ಪಾರ್ಸಿಯಲ್ಲಿ, ಭಾರತದ ಭಾಷೆಗಳಲ್ಲಿ ಏನೆನ್ನುತ್ತಾರೆ ಎಂದು ಒಟ್ಟುಗೂಡಿಸಬೇಕು. ಹೆಸರು ತಪ್ಪಿದರೆ ಮದ್ದು ತಪ್ಪುತ್ತದೆ, ಮದ್ದು ತಪ್ಪಿದರೆ ಜೀವ ಹೋಗುತ್ತದೆ. ಒಂದಕ್ಷರದ ಚುಕ್ಕೆ ಅತ್ತಿತ್ತಾದರೆ ಅರಬಿ ಪದವೇ ಬೇರೆಯಾಗುತ್ತದೆಂಬುದನ್ನು ಮದ್ರಸದ ಮಕ್ಕಳೂ ಬಲ್ಲರು. ಇಂಥ ಚುಕ್ಕೆಗಳ ಕೆಲಸವನ್ನು ಮಂಜಾದ ಕಣ್ಣುಗಳಿಂದ ಮಾಡುವುದು ಹೇಗೆ? ಕಿವಿ ಮಂದವಾದವರು ಪರದೇಶದ ಹೆಸರನ್ನು ಕೇಳಿ ತಿಳಿಯುವುದು ಹೇಗೆ? ಅವರು ಅನ್ನಹ್‌ಶಈ ಎಂಬ ವೈದ್ಯರ ನೆರವು ಪಡೆದರು. ತಾನು ಒಬ್ಬನೇ ಮಾಡಲಾರೆನೆಂದು ಒಪ್ಪಿಕೊಂಡದ್ದರಿಂದಲೇ ಆ ಕೆಲಸ ಸಾಗಿತು. ಎಂಬತ್ತರ ಹಿರಿಯರ ಬಳಿ ಕುಳಿತು, ಓದಿ ಹೇಳಿ, ಕೇಳಿ ಬರೆಯುವ ಒಬ್ಬ ಮನುಷ್ಯ ಅವರಿಗೆ ಸಿಕ್ಕಿದ್ದು ಅಲ್ಲಾಹನ ದೊಡ್ಡ ಅನುಗ್ರಹವೆಂದೇ ನನಗೆ ಕಾಣುತ್ತದೆ.

ಇದೇ ಗ್ರಂಥದ ಆರಂಭದಲ್ಲಿ ಅವರು ತಮ್ಮ ಭಾಷೆಯ ಬಗ್ಗೆಯೂ ಹೇಳುತ್ತಾರೆ. ಅವರ ತಾಯ್ನುಡಿ ಖ್ವಾರಿಝ್ಮಿ. ಅರಬಿಗೂ ಪಾರ್ಸಿಗೂ ತಾನು ಹೊರಗಿನಿಂದ ಬಂದವನೇ ಎಂಬುದು ಅವರ ಅಳಲು. ಮನೆಯಲ್ಲೊಂದು, ಮದ್ರಸದಲ್ಲೊಂದು, ಶಾಲೆಯಲ್ಲೊಂದು ಭಾಷೆ ಕಲಿತ ನಮಗೆ ಇದು ಅರ್ಥವಾಗದ ಸಂಕಟವೇನಲ್ಲ. ಎಂಬತ್ತರ ಪ್ರಾಯದಲ್ಲಿ, ಎಳವೆಯ ಆ ಮಾತನ್ನು ಆಡಲು ಅವರ ಸುತ್ತಮುತ್ತ ಎಷ್ಟು ಮಂದಿ ಉಳಿದಿದ್ದಿರಬಹುದು?

ಅವರ ಕೊನೆಯ ದಿನದ ಸಂಗತಿಯನ್ನೂ ಯಾಕೂತ್ ಬರೆದಿಟ್ಟಿದ್ದಾರೆ. ಅಬುಲ್ ಹಸನ್ ಅಲ್ ವಲ್ವಾಲಿಜೀ ಎಂಬ ಫಿಕ್ಹ್ ವಿದ್ವಾಂಸರು ಅವರನ್ನು ನೋಡಲು ಹೋದರು. ಬಿರೂನಿಯವರ ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಎದೆ ಬಿಗಿದಿತ್ತು. ಆ ಸ್ಥಿತಿಯಲ್ಲಿಯೇ ಅವರು, ಹಿಂದೊಮ್ಮೆ ತಾವು ಹೇಳಿದ್ದ ಅಜ್ಜಿಯರ ಪಾಲಿನ ಲೆಕ್ಕ ಏನಿತ್ತು ಎಂದು ವಿಚಾರಿಸಿದರು. ಫರಾಇಝ್ ಅಂದರೆ ವಾರಸು ಪಾಲಿನ ಶಾಸ್ತ್ರದಲ್ಲಿ ಇದು ತೊಡಕಿನ ಮಸ್ಅಲ. ತಾಯಿಯ ತಾಯಿಗೆ ಸಿಗುವ ಪಾಲಿನ ನಿಯಮ ಬೇರೆ, ತಾಯಿಯ ತಂದೆಯ ತಾಯಿಯ ವಿಷಯವೇ ಬೇರೆ. ಇದನ್ನು ಪಾಠ ಮಾಡುವಾಗ ಚುರುಕು ಹುಡುಗರೂ ತಲೆ ಕೆರೆದುಕೊಳ್ಳುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಆ ವಿದ್ವಾಂಸರಿಗೆ ಕನಿಕರವಾಯಿತು. ಇಂಥ ಹೊತ್ತಿನಲ್ಲಿ ಇದೇಕೆ ಎಂದರು. ಆ ವೃದ್ಧರು ಬಿಡಲಿಲ್ಲ. ಈ ಮಸ್ಅಲ ತಿಳಿದು ಲೋಕ ಬಿಡುವುದು, ತಿಳಿಯದೆ ಬಿಡುವುದಕ್ಕಿಂತ ಮೇಲಲ್ಲವೇ ಎಂಬುದಾಗಿತ್ತು ಅವರ ಉತ್ತರ. ಅದರಿಂದ ಅವರಿಗೆ ಬರಬೇಕಾದ ಪಾಲಾಗಲಿ, ಗೆಲ್ಲಬೇಕಾದ ವಾದವಾಗಲಿ ಇರಲಿಲ್ಲ. ವಿದ್ವಾಂಸರು ಬಳಿ ಕುಳಿತು ಲೆಕ್ಕವನ್ನು ಮೊದಲಿನಿಂದ ವಿವರಿಸಿದರು. ಬಿರೂನಿ ಅದನ್ನು ತಿರುಗಿ ಹೇಳಿ ಮನಸ್ಸಿನಲ್ಲಿ ಇರಿಸಿಕೊಂಡರು. ಬಳಿಕ ಅವರೂ ತಾವು ಕೊಟ್ಟ ಮಾತಿನಂತೆ ತಮಗೆ ಗೊತ್ತಿದ್ದ ಒಂದು ವಿಷಯವನ್ನು ಆ ವಿದ್ವಾಂಸರಿಗೆ ಕಲಿಸಿದರು.

ಅಬುಲ್ ಹಸನ್ ಬೀಳ್ಕೊಂಡು ಹೊರಬಂದರು. ಇನ್ನೂ ದಾರಿಯಲ್ಲಿರುವಾಗಲೇ ಹಿಂದಿನಿಂದ, ಆ ಮನೆಯ ಕಡೆಯಿಂದ, ಅಳುವ ಸದ್ದು ಅವರಿಗೆ ಕೇಳಿಸಿತು.