ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್

ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್ (1890–1954) ಅಮೆರಿಕದ ವಿದ್ಯುತ್ ಎಂಜಿನಿಯರ್ ಹಾಗೂ ಸಂಶೋಧಕರು. ರಿಜನರೇಟಿವ್ ಮಂಡಲ, ಸೂಪರ್‌ಹೆಟರೊಡೈನ್ ಗ್ರಾಹಕ ಮತ್ತು ವಿಶಾಲ ಪಟ್ಟಿಯ ಎಫ್.ಎಂ. ಇವರ ಪ್ರಮುಖ ಕೊಡುಗೆಗಳು. ಪೊಲೀಸರು ಮತ್ತು ಅಗ್ನಿಶಾಮಕ ದಳದವರು ಬಳಸುವ ಅನಲಾಗ್ ವಾಕಿ-ಟಾಕಿಗಳು ಸಾಮಾನ್ಯವಾಗಿ ಎಫ್.ಎಂ. ವಿಧಾನದಲ್ಲಿಯೇ ಕೆಲಸ ಮಾಡುತ್ತವೆ.

ಜನನ ಮತ್ತು ಶಿಕ್ಷಣ

ಆರ್ಮ್‌ಸ್ಟ್ರಾಂಗ್ 1890ರ ಡಿಸೆಂಬರ್ 18ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬಾಲ್ಯವನ್ನು ಸಮೀಪದ ಯಾಂಕರ್ಸ್ ಪಟ್ಟಣದಲ್ಲಿ ಕಳೆದರು. ದೂರದ ಸಂಕೇತಗಳನ್ನು ಹಿಡಿಯಲು ಮನೆಯ ಬಳಿ ತಾವೇ ಎತ್ತರದ ಆಂಟೆನಾ ಕಂಬವನ್ನು ನಿಲ್ಲಿಸಿದ್ದರು. 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದರು.

ಆರಂಭಿಕ ಸಂಶೋಧನೆಗಳು

1912ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ನಿರ್ವಾತ ನಳಿಕೆಯಿಂದ ಹೊರಬಂದ ಸಂಕೇತದ ಒಂದಂಶವನ್ನು ಅದಕ್ಕೇ ಮರಳಿಸಿ ಹಲವು ಪಟ್ಟು ವರ್ಧಿಸುವ ರಿಜನರೇಟಿವ್ ಮಂಡಲವನ್ನು ರೂಪಿಸಿದರು. ಇದರ ಹಕ್ಕಿಗಾಗಿ ಲೀ ಡಿ ಫಾರೆಸ್ಟ್ ಅವರೊಡನೆ ನಡೆದ ದೀರ್ಘ ವ್ಯಾಜ್ಯದಲ್ಲಿ 1934ರಲ್ಲಿ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರವಾಗಿ ತೀರ್ಪಿತ್ತಿತು. ಈ ಸಂಶೋಧನೆಗಾಗಿ ತಮಗೆ ದೊರೆತಿದ್ದ ಪದಕವನ್ನು ಆರ್ಮ್‌ಸ್ಟ್ರಾಂಗ್ ರೇಡಿಯೊ ಎಂಜಿನಿಯರುಗಳ ಸಂಸ್ಥೆಗೆ ಹಿಂದಿರುಗಿಸಲು ಹೋದಾಗ ಸಂಸ್ಥೆ ಅದನ್ನು ಸ್ವೀಕರಿಸಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಸೇನೆಯ ಸಂಪರ್ಕ ದಳದ ಅಧಿಕಾರಿಯಾಗಿ ಪ್ಯಾರಿಸ್‌ನಲ್ಲಿದ್ದಾಗ, 1918ರಲ್ಲಿ, ಸೂಪರ್‌ಹೆಟರೊಡೈನ್ ಗ್ರಾಹಕವನ್ನು ರೂಪಿಸಿದರು. ಬರುವ ತರಂಗವನ್ನು ಒಂದು ನಿಶ್ಚಿತ ಆವರ್ತಾಂಕಕ್ಕೆ ಇಳಿಸಿ ವರ್ಧಿಸುವುದು ಇದರ ತತ್ವ.

ಎಫ್.ಎಂ. ಮತ್ತು ದ್ವಿಮುಖ ರೇಡಿಯೊ

ಎ.ಎಂ. ವಿಧಾನದಲ್ಲಿ ಧ್ವನಿಗೆ ತಕ್ಕಂತೆ ತರಂಗದ ಪಾರ ಬದಲಾಗುತ್ತದೆ. ಸಿಡಿಲು ಮತ್ತು ಯಂತ್ರಗಳ ಕಿಡಿಗಳೂ ಪಾರವನ್ನೇ ಕೆಡಿಸುವುದರಿಂದ ಗೊರಗೊರ ಸದ್ದು ಸೇರಿಕೊಳ್ಳುತ್ತದೆ. ಆರ್ಮ್‌ಸ್ಟ್ರಾಂಗ್ ಪಾರದ ಬದಲು ಆವರ್ತಾಂಕವನ್ನು ವಿಶಾಲವಾಗಿ ಏರಿಳಿಸಿ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದರು. ಇದರ ಪೇಟೆಂಟುಗಳು 1933ರಲ್ಲಿ ದೊರೆತವು. ಒಂದೇ ಚಾನೆಲ್‌ನಲ್ಲಿ ಇಬ್ಬರು ಪ್ರಸಾರ ಮಾಡಿದರೆ ಪ್ರಬಲ ಸಂಕೇತ ಮಾತ್ರ ಕೇಳಿಸುವುದು ಎಫ್.ಎಂ.ನ ಮತ್ತೊಂದು ಗುಣ.

1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರು ಡೇನಿಯಲ್ ನೋಬಲ್ ರೂಪಿಸಿದ ದ್ವಿಮುಖ ಎಫ್.ಎಂ. ವ್ಯವಸ್ಥೆಯನ್ನು ಬಳಕೆಗೆ ತಂದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ಬೆನ್ನಿಗೆ ಕಟ್ಟಿಕೊಂಡು ಒಯ್ಯುತ್ತಿದ್ದ ಎಸ್‌ಸಿಆರ್-300 ವಾಕಿ-ಟಾಕಿಯೂ ಎಫ್.ಎಂ. ಸಾಧನವೇ, ಅದರ ವ್ಯಾಪ್ತಿ ಸುಮಾರು 3 ಮೈಲಿ. ಯುದ್ಧಕಾಲದಲ್ಲಿ ಆರ್ಮ್‌ಸ್ಟ್ರಾಂಗ್ ತಮ್ಮ ಎಫ್.ಎಂ. ಪೇಟೆಂಟುಗಳನ್ನು ಸೇನೆಯು ಗೌರವಧನವಿಲ್ಲದೆ ಬಳಸಲು ಬಿಟ್ಟುಕೊಟ್ಟರು.

ಎಫ್.ಎಂ. ಬಾನುಲಿಯಲ್ಲಿ ಆವರ್ತಾಂಕ 75 ಕಿಲೋಹರ್ಟ್ಸ್‌ವರೆಗೆ ಅತ್ತಿತ್ತ ಸರಿಯಬಹುದು. ದ್ವಿಮುಖ ರೇಡಿಯೊಗಳಲ್ಲಿ ಹೆಚ್ಚು ಚಾನೆಲ್‌ಗಳಿಗೆ ಸ್ಥಳ ದೊರೆಯಲೆಂದು ಈ ಮಿತಿಯನ್ನು ಬಹಳ ಕಿರಿದುಗೊಳಿಸಲಾಗಿದೆ: 25 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ 5, 12.5 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ 2.5 ಕಿಲೋಹರ್ಟ್ಸ್. ಒಂದೇ ಚಾನೆಲ್‌ನಲ್ಲಿ ಗುಂಡಿ ಒತ್ತಿ ಮಾತನಾಡಿ, ಬಿಟ್ಟು ಆಲಿಸುವ ಕ್ರಮವು ಇವುಗಳಲ್ಲಿ ಸಾಮಾನ್ಯ.

ಕೊನೆಯ ವರ್ಷಗಳು

1945ರಲ್ಲಿ ಸರ್ಕಾರವು ಎಫ್.ಎಂ. ಬಾನುಲಿಯನ್ನು ಬೇರೆ ಆವರ್ತಾಂಕ ಪಟ್ಟಿಗೆ ವರ್ಗಾಯಿಸಿದ್ದರಿಂದ ಹಳೆಯ ಗ್ರಾಹಕಗಳು ನಿರುಪಯುಕ್ತವಾದವು. ಪೇಟೆಂಟ್ ಉಲ್ಲಂಘನೆಯ ವಿರುದ್ಧ 1948ರಲ್ಲಿ ಆರ್ಮ್‌ಸ್ಟ್ರಾಂಗ್ ಆರ್‌ಸಿಎ ಕಂಪನಿಯ ಮೇಲೆ ದಾವೆ ಹೂಡಿದರು. ವ್ಯಾಜ್ಯ ವರ್ಷಗಟ್ಟಲೆ ಎಳೆದು ಅವರ ಸಂಪತ್ತನ್ನೂ ಆರೋಗ್ಯವನ್ನೂ ಸಂಸಾರವನ್ನೂ ಕುಗ್ಗಿಸಿತು. 1954ರ ಜನವರಿ 31ರ ರಾತ್ರಿ ನ್ಯೂಯಾರ್ಕ್‌ನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಪತ್ನಿ ಮರಿಯನ್ ಹೋರಾಟವನ್ನು ಮುಂದುವರಿಸಿದರು. ಅದೇ ವರ್ಷ ಆರ್‌ಸಿಎ ರಾಜಿ ಮಾಡಿಕೊಂಡಿತು. ಉಳಿದ ಮೊಕದ್ದಮೆಗಳಲ್ಲಿ ಕೊನೆಯದೂ 1967ರಲ್ಲಿ ಅವರ ಪರವಾಗಿ ಮುಗಿಯಿತು.